ಶುಕ್ರವಾರ ಪಡುವಣಕ್ಕೆ

ಐವತ್ನಾಲ್ಕರ ಡಿಸೆಂಬರ್, ಹಿಂಗಾರಿ ಜೋಳ ತೆನೆ ಕಟ್ಟುವ ಕಾಲ. ಗುರುವಾರ ಮಧ್ಯಾಹ್ನ ಊಟದ ಎಲೆ ಎತ್ತುವ ಹೊತ್ತಿಗೆ ಬಾಗಲಕೋಟೆಯ ಪಂಢರೀನಾಥರಾಯರ ಮನೆಗೆ ತಂತಿ ಬಂತು. ಗಂಡ ಅನಂತ ಸತ್ತು ಮೂರು ವರ್ಷವಾಗಿದ್ದ ಸೊಸೆ ಸರಸ್ವತೀಬಾಯಿಗೆ ಮುಂಬಯಿಯಲ್ಲಿ ನರ್ಸ್ ಕಲಿಯಲು ಜಾಗ ಸಿಕ್ಕಿತ್ತು. ಶನಿವಾರ ಮುಂಜಾನೆ ಹಾಜರಾಗದಿದ್ದರೆ ಜಾಗ ಬೇರೆಯವರ ಪಾಲು. ಅಂದಿನ ರೈಲು ಹೋಗಿಬಿಟ್ಟಿತ್ತು, ಮರುದಿನದ್ದು ವೇಳೆಗೆ ಮುಟ್ಟುವಂತಿರಲಿಲ್ಲ. ಅದಕ್ಕೇ ಅವಳ ಅಣ್ಣ ಮುಂಬಯಿಯಿಂದಲೇ ಬೆಳಗಾವಿಯ ಶುಕ್ರವಾರದ ವಿಮಾನಕ್ಕೆ ಟಿಕೀಟು ಮಾಡಿಸಿದ್ದ.

ಅತ್ತೆ ಅನಸೂಯಾಬಾಯಿ ಗಂಡನ ಮುಖ ನೋಡಿದರು. ರಾಯರು ಪಂಚಾಂಗ ಮುಚ್ಚಿದರು.

"ಶುಕ್ರವಾರ ಪಡುವಣಕ್ಕ ಶೂಲಿ, ಆ ದಿಕ್ಕಿಗೆ ಹೊರಟ್ರ ಕೆಡಕು. ಹೋಗೂದು ಬ್ಯಾಡ."

ತಂತಿ ಓದಿ ಹೇಳಲು ಬಂದಿದ್ದ ನೆರೆಮನೆಯ ಬಸ್ ಡ್ರೈವರ್ ಅಬ್ದುಲಸಾಬ ಕಟ್ಟೆಯ ಮೇಲೆ ಕೂತಿದ್ದ.

"ರಾಯರ, ಬೆಳಗಾಂವಿಯಿಂದ ಮುಂಬೈ ಹಕ್ಕಿ ಹಾದ್ಯಾಗ ಎರಡೂವರಿ ನೂರು ಮೈಲು. ವಿಮಾನಕ್ಕ ಎರಡು ತಾಸು ಸೈತ ಬ್ಯಾಡ. ಹೊತ್ತೆಲ್ಲಾ ತಿನ್ನೂದು ನನ್ನ ಬಸ್ಸು. ಮತ್ತ ವಿಮಾನ ಹೋಗೂದು ಮ್ಯಾಲಕ್ಕ. ಮ್ಯಾಲಿನ ದಿಕ್ಕಿಗೂ ಶೂಲಿ ಐತೇನ್ರಿ?"

"ನೀ ಬಸ್ಸು ಹೊಡಿ ಅಬ್ದುಲಸಾಬ, ಶಾಸ್ತ್ರ ಹೊಡೀಬ್ಯಾಡ."

ಕೆಟ್ಟ ವಾರ ಹೊರಡಬೇಕಾದವರು ಮುಂಚಿನ ಒಳ್ಳೆಯ ದಿನವೇ ತಮ್ಮ ಗಂಟನ್ನು ಗುಡಿಯಲ್ಲಿ ಇಟ್ಟು ಬರುವುದು ರೂಢಿ. ಅದಕ್ಕೆ ಪ್ರಸ್ಥಾನವೆನ್ನುತ್ತಾರೆ. ಗಂಟು ಹೊರಬಿದ್ದರೆ ಮನುಷ್ಯ ಹೊರಟಂತೆಯೇ ಲೆಕ್ಕ.

"ಹಂಗಾದ್ರ ಇವತ್ತ ಪ್ರಸ್ಥಾನ ಇಡೂಣು," ಎಂದರು ಅನಸೂಯಾಬಾಯಿ ತಗ್ಗಿದ ದನಿಯಲ್ಲಿ.

"ವಿಧವಿಗೆ ಎಲ್ಲೀ ಪ್ರಸ್ಥಾನ? ಆಕಿಗೆ ಒಳ್ಳೇ ದಿನ ತಗೊಂಡು ಏನು ಮಾಡೂದದ?"

ಸರಸ್ವತೀಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಆ ಸದ್ದು ಅನಸೂಯಾಬಾಯಿಯ ಎದೆಗೆ ನಾಟಿತು. ಮೂವತ್ತು ವರ್ಷ ಅವರು ಗಂಡನಿಗೆ ಎದುರಾಡಿದವರಲ್ಲ.

"ಒಳ್ಳೇ ದಿನ ಆಕಿಗೆ ಇಲ್ಲಾಂದ್ರ ಕೆಟ್ಟ ದಿನಾನೂ ಇಲ್ರಿ," ಎಂದರು. "ಎರಡರಾಗ ಒಂದು ಹೇಳ್ರಿ."

ರಾಯರು ಮತ್ತೆ ಪಂಚಾಂಗ ಬಿಚ್ಚಿದರು.

"ಅನಂತನ್ನ ಸೊಲ್ಲಾಪುರಕ್ಕ ಕಳಿಸುವಾಗ ವಾರ ನೋಡಿದ್ರಿ, ತಿಥಿ ನೋಡಿದ್ರಿ, ಗಂಟೂ ಇಟ್ಟಿದ್ರಿ. ನನ್ನ ಮಗ ತಿರುಗಿ ಬಂದನೇನು?"

"ಅನಸೂಯಾ!"

"ನಾ ಏನೂ ಮುಚ್ಚಿಡೂದಿಲ್ಲ. ವಿಮಾನ ಮ್ಯಾಲಕ್ಕ ಹೋಗ್ತದ ಅಂತ ಸುಳ್ಳು ಹೇಳೂದೂ ಇಲ್ಲ. ಆಕಿ ಶುಕ್ರವಾರಾನ ಹೋಗ್ತಾಳ, ಪಡುವಣಕ್ಕ ಹೋಗ್ತಾಳ. ಬೆಳಗಾಂವಿ ತನಕ ನಾ ಹೋಗ್ತೇನಿ. ಅಬ್ದುಲಸಾಬ, ಎರಡು ಜಾಗಾ ಇಡು."

"ಮುಂದಿನ ಸೀಟ ಇಡ್ತೇನ್ರಿ ಬಾಯಾರ," ಎಂದು ಅವನು ಎದ್ದ.

ನಸುಕಿನಲ್ಲಿ ಸರಸ್ವತೀಬಾಯಿ ಟ್ರಂಕು ಹಿಡಿದು ಹಿತ್ತಲ ಬಾಗಿಲಿಗೆ ನಡೆದಳು. ಯಾರಿಗೂ ಎದುರಾಗದಂತೆ ಮೂರು ವರ್ಷ ಅವಳು ಹೋಗಿಬಂದದ್ದು ಆ ಬಾಗಿಲಿನಿಂದಲೇ.

"ಆ ಕಡೆ ಯಾಕ? ಇತ್ತ ಬಾ," ಎಂದು ಅತ್ತೆ ತಲಬಾಗಿಲ ಅಗಳಿ ತೆಗೆದರು.

ಪಡಸಾಲೆಯಲ್ಲಿ ರಾಯರು ಬೆನ್ನು ತಿರುಗಿಸಿ ಕೂತಿದ್ದರು. "ಹೋದವರು ತಿರುಗಿ ಬರೂದು ಬ್ಯಾಡ."

"ಆಕಿ ಸೂಟಿ ಸಿಕ್ಕಾಗ ಬರ್ತಾಳ. ನಾ ನಾಳೆ ಬರ್ತೇನಿ. ಅಲ್ಲೀತನಕ ಅನ್ನ ನೀವ ಮಾಡ್ಕೊಳ್ರಿ."

ಇಬ್ಬರೂ ಬೀದಿಯ ನಡುವೆಯೇ ನಡೆದು ಬಸ್ಸು ಹತ್ತಿದರು. ಅನಸೂಯಾಬಾಯಿ ಹೋದದ್ದು ಬೆಳಗಾವಿಯ ವಿಮಾನದ ಬಯಲಿನವರೆಗೆ. ಸರಸ್ವತೀಬಾಯಿ ಮುಂಬಯಿಗೆ ಹೋದಳು, ಶುಕ್ರವಾರ.