ಗೂಡಿನ ಹಾರ

"ಏಮ್ರಾ ಆವುಲಾ, ನಿನ್ ಮಗಳ ಕೈ ಹೆಣದ್ ಕೈ ಇದ್ದಂಗದಲ್ಲೋ! ಈ ಕೈಯಾಗೆ ಸಾಹೇಬ್ರಿಗೆ ಹಾರ ಹಾಕ್ಸ್ಲಾ? ಎಣ್ಣೆ ಹಚ್ಚಿ ಒರ್ಸೋ ಬೋಳಿಮಗ್ನೆ!"

ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಮಾಲೀಕ ಚೆನ್ನರಾಯಪ್ಪ ಬಾಗಿಲಲ್ಲೇ ನಿಂತು ಗದರುತ್ತಿದ್ದ. ಬಿಸಿನೀರಿನ ತೊಟ್ಟಿಯಲ್ಲಿ ರೇಷ್ಮೆಗೂಡಿನ ಎಳೆ ಹುಡುಕುತ್ತಿದ್ದ ತನುಜ ಎದ್ದು ನಿಂತಳು. ಅವಳ ಅಂಗೈಗಳು ಬೆಂದು ಬಿಳಿಚಿ ಸುಕ್ಕಿಟ್ಟಿದ್ದವು. ಬೆರಳ ಸಂದುಗಳಲ್ಲಿ ಚರ್ಮ ಬಿರಿದಿತ್ತು. ಆವುಲಪ್ಪ ಹೆಗಲ ಟವೆಲ್ಲಿನಿಂದ ಮಗಳ ಕೈ ಒರೆಸಿ ಎಣ್ಣೆ ಸವರಿದ. ಬೆಂದ ಹುಳುವಿನ ನಾತ ಮಾತ್ರ ಹೋಗಲಿಲ್ಲ.

ಕೊರೋನಾ ಬಂದು ಶಾಲೆಗೆ ಬೀಗ ಬಿದ್ದಾಗ, ಹೆಣ್ಣುಮಕ್ಕಳು ಓದು ಬಿಡಬಾರದೆಂದು ಸರ್ಕಾರ ಪಾಠವನ್ನೇ ಊರೊಳಕ್ಕೆ ಕಳುಹಿಸಿತ್ತು. ಶ್ಯಾಮಲಮ್ಮ ಟೀಚರು ಗುಡಿಯ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿದರು. ಮೊದಲ ದಿನವೇ ಪೂಜಾರಿ ತನುಜಳ ಪುಸ್ತಕವನ್ನು ಕಾಲಿನಿಂದ ಕೆಳಕ್ಕೆ ತಳ್ಳಿ, "ಹಟ್ಟಿಯೋವು ಮಣ್ಣಾಗೆ ಕುಂತ್ಕಳ್ರಿ" ಎಂದಿದ್ದ. ಆವುಲಪ್ಪ ಅಲ್ಲೇ ಇದ್ದ, ಬಗ್ಗಿ ಪುಸ್ತಕದ ಮಣ್ಣು ಒರೆಸಿದ. ಮರುದಿನ ಟೀಚರು ಹಟ್ಟಿಯ ಹೊಂಗೆಮರದಡಿಗೇ ಪಾಠವನ್ನು ತಂದು, ಅವನ ಬಾಗಿಲಿಗೆ ಬಂದರು.

"ತನುಜ ಎಲ್ಲಪ್ಪಾ?"

"ಜ್ವರ ಕಣಮ್ಮ. ಮಲಗವ್ಳೆ."

ಆ ಹೊತ್ತಿಗೆ ತನುಜ ತೊಟ್ಟಿಯ ಮುಂದಿದ್ದಳು. ಕೆಲಸದವರು ಊರು ಬಿಟ್ಟಿದ್ದರಿಂದ ಚೆನ್ನರಾಯಪ್ಪ, "ಹುಡುಗೀನ ಕೂರ್ಸು, ಇಲ್ಲಾ ಫಿಲೇಚರ್ ಹಿಂದ್ಲ ನನ್ ರೂಮು ಖಾಲಿ ಮಾಡು" ಎಂದಿದ್ದ. ಆವುಲಪ್ಪ ಕೂರಿಸಿದ್ದ. ಜ್ವರವೆಂಬ ಆ ಒಂದು ಸುಳ್ಳು ಹೇಳಿದಂದಿನಿಂದ, ಟೀಚರು ಎದುರಾದರೆ ಅವನು ದಾರಿ ಬದಲಿಸುತ್ತಿದ್ದ.

ಓದು ಬಿಟ್ಟ ಹೆಣ್ಣುಮಕ್ಕಳನ್ನು ಹುಡುಕಿ ಮತ್ತೆ ಪಾಠಕ್ಕೆ ಸೇರಿಸಲು ಇಂದು ಅಧಿಕಾರಿಯೊಬ್ಬ ಬರುವವನಿದ್ದ. ಚೆನ್ನರಾಯಪ್ಪನೇ ಶಾಲಾ ಸಮಿತಿಯ ಅಧ್ಯಕ್ಷ.

"ದಿನಾ ಬರ್ತೀನಿ ಸಾರ್ ಅನ್ಬೇಕು, ತಿಳೀತೇನೇ? ಬಾಯಿ ಜಾರ್ತೋ, ಇವತ್ತೇ ನಿಮ್ ಪಾತ್ರೆ ಪಗಡ ಬೀದೀಗೆ."

ಅಂದು ಇಳಿಸಿದ ಜಗಲಿಯ ಮೇಲೆಯೇ ಇಂದು ತನುಜಳನ್ನು ನಡುವೆ ಕೂರಿಸಿದರು. ಪೂಜಾರಿ ಕಂಬದ ಮರೆಗೆ ಸರಿದ. ರೇಷ್ಮೆಗೂಡು ಪೋಣಿಸಿದ ಹಾರ ಹಿಡಿದೆದ್ದ ತನುಜಳ ಮುಂದೆ ಅಧಿಕಾರಿ ಕತ್ತು ಬಾಗಿಸಿದ.

"ಆಹಾ, ಶಿಡ್ಲಘಟ್ಟ ಅಂದ್ರೆ ಗೂಡಿನ ಹಾರಾನೇ ಕಣ್ರೀ! ದಿನಾ ಪಾಠಕ್ಕೆ ಬರ್ತೀಯೇನಮ್ಮಾ?"

"ಬರ್ತೀನಿ ಸಾರ್."

ಅವಳು ನೋಡಿದ್ದು ಅಧಿಕಾರಿಯನ್ನಲ್ಲ, ಅಂಗಳದಲ್ಲಿ ನಿಂತ ಅಪ್ಪನನ್ನು. ಅಪ್ಪ ಕಲಿಸಿದ ಸುಳ್ಳಿನ ಪಾಠವನ್ನು ಮಗಳು ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು.

"ಜ್ವರ ಬಿಡ್ತೇನಮ್ಮಾ?" ಎಂದರು ಶ್ಯಾಮಲಮ್ಮ, ಮೆಲ್ಲಗೆ.

ಆವುಲಪ್ಪ ಜಗಲಿ ಹತ್ತಿದ. ಹುಟ್ಟಿದಾಗಿನಿಂದ ಹತ್ತದ ಜಗಲಿ.

"ಏಯ್, ಕೆಳಕ್ಕಿಳಿಯೋ!" ಪೂಜಾರಿ ಕಿರುಚಿದ.

ಆವುಲಪ್ಪ ಮಗಳ ಕೈಗಳೆರಡನ್ನೂ ಹಿಡಿದು ಅಧಿಕಾರಿಯ ಮುಖದೆದುರು ಅಂಗೈ ಬಿಚ್ಚಿದ.

"ಜ್ವರಾನೂ ಇರ್ಲಿಲ್ಲ, ಗಿರಾನೂ ಇರ್ಲಿಲ್ಲ ಸಾರ್. ಈ ಚೆನ್ನರಾಯಪ್ಪನ ತೊಟ್ಟೀಲಿ ಗೂಡು ಬಿಚ್ತಾವ್ಳೆ. ಕೇಳ್ದೋನು ಇವ್ನು, ಕೂರ್ಸ್ದೋನು ನಾನು. ಇಬ್ರ ಹೆಸ್ರೂ ಬರ್ಕೊಳ್ರಿ."

"ಕುಡ್ದವ್ನೆ ಸಾರ್, ಸೂಳೆಮಗ!" ಎಂದ ಚೆನ್ನರಾಯಪ್ಪ, ಆಳಿನತ್ತ ಕಣ್ಸನ್ನೆ ಮಾಡುತ್ತ.

ಅಧಿಕಾರಿ ಆ ಅಂಗೈಗಳನ್ನು ನೋಡಿದ. ಕೊರಳ ಹಾರ ತೆಗೆದು ಡ್ರೈವರಿನ ಕೈಗಿತ್ತ. "ವಿಚಾರಿಸ್ತೀನಿ" ಎಂದು ಜೀಪಿನತ್ತ ನಡೆದ.

ತನುಜ ಅಪ್ಪನ ಹಿಡಿತದಿಂದ ಕೈಗಳನ್ನು ಮೆಲ್ಲನೆ ಬಿಡಿಸಿಕೊಂಡಳು. ಅವನ ಮುಖ ನೋಡಲಿಲ್ಲ. ಜಗಲಿಯ ನಡುವೆ ಮತ್ತೆ ಕುಳಿತು ಪುಸ್ತಕ ಬಿಚ್ಚಿದಳು.

"ಏಳೇ ಮೇಲೆ!" ಪೂಜಾರಿ ಕಾಲೆತ್ತಿದ. ಶ್ಯಾಮಲಮ್ಮ ಬಂದು ಅವಳ ಮಗ್ಗುಲಲ್ಲಿ ಕುಳಿತರು.

ಫಿಲೇಚರಿನ ಹಿಂದಿನಿಂದ ಪಾತ್ರೆಗಳು ಒಂದೊಂದಾಗಿ ಬೀದಿಗೆ ಬಿದ್ದ ಸದ್ದು ಕೇಳಿಸಿತು. ಆವುಲಪ್ಪ ಬರಿಗೈಯಲ್ಲಿ ನಿಂತೇ ಇದ್ದ. ತನುಜ ಪುಟ ಮಗುಚಿದಳು. ಹಾಳೆಯ ಅಂಚಿನಲ್ಲಿ ಎಣ್ಣೆಯ ಬೆರಳಚ್ಚು ಮೂಡಿತು.