ತಂಗಳು ಗ್ಯಾಸು

ಆ ವರ್ಷದ ಯುಗಾದಿ ಬೆಳಗ್ಗೆ ಒಲೆಗೆ ಕಡ್ಡಿ ಗೀರಿದರೆ ಉರಿ ಹತ್ತಲಿಲ್ಲ. ಹಿತ್ತಲಿಗೆ ಓಡಿದೆ. ಹಿಂದಿನ ಸಂಜೆ ಎದೆಮಟ್ಟ ಎದ್ದು ನಿಂತಿದ್ದ ಗೋಬರ್ ಗ್ಯಾಸಿನ ಕಬ್ಬಿಣದ ಡ್ರಮ್ಮು ಗುಂಡಿಯೊಳಗೆ ಪೂರ್ತಿ ಕುಸಿದು ಕೂತಿತ್ತು. ಒಳಗೆ ಚೂರೂ ಗ್ಯಾಸಿಲ್ಲ ಎಂದರ್ಥ.

ನನ್ನ ಎದೆಯೂ ಕುಸಿಯಿತು. ಅಮೃತಹಳ್ಳಿಯ ನಮ್ಮ ಮನೆಯ ಹಿಂದೆ ಆಗಲೇ ಮೂರು ಅಪಾರ್ಟ್‌ಮೆಂಟು ಎದ್ದಿದ್ದವು. ನಾತ ತಡೆಯಕ್ಕಾಗಲ್ಲ ಎಂದು ಅಲ್ಲಿಯವರು ವಾರಕ್ಕೊಮ್ಮೆ ಬಂದು ಜಗಳ ತೆಗೆಯುತ್ತಿದ್ದರು. ನಮ್ಮ ಯಜಮಾನರು ಯೋಗಾನಂದ ಕೇಳಿ ಕೇಳಿ ರೋಸಿಹೋಗಿದ್ದರು. "ನೋಡು ಕಲಾ, ಹಬ್ಬದ ಅಡುಗೆ ಅಷ್ಟೂ ಇದ್ರಲ್ಲೇ ಮಾಡಿ ತೋರ್ಸು. ಆಗ್ಲಿಲ್ಲಾಂದ್ರೆ ಗುಂಡಿ ಮುಚ್ಚಿಸ್ಬಿಡ್ತೀನಿ," ಎಂದಿದ್ದರು. ಗುಂಡಿ ಹೋದರೆ ಸಗಣಿ ಹಾಕಲು ಜಾಗವಿಲ್ಲ. ಸಗಣಿಗೆ ಜಾಗವಿಲ್ಲದ ಮನೆಯಲ್ಲಿ ಹಸು ಕಟ್ಟುವುದು ಹೇಗೆ? ಕೊಟ್ಟಿಗೆಯಲ್ಲಿದ್ದ ಮೂರನ್ನೂ ಕರುವಾಗಿದ್ದಾಗಿನಿಂದ ಸಾಕಿದವಳು ನಾನು.

ಅತ್ತೆ ಗೋಪಾಲಮ್ಮ ತಲೆಗೆ ನೀರು ಹಾಕಿಕೊಂಡು, ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದರು.

"ಅತ್ತೆ, ಗ್ಯಾಸೆಲ್ಲ ಎಲ್ ಹೋಯ್ತು?"

"ನಾನೇ ಡ್ರಮ್ಮಿನ ನಲ್ಲಿ ತಿರುಗ್ಸಿ ಬಿಟ್ಟೆ ಕಣಮ್ಮಿ. ನೆನ್ನೇದು ಅದು. ಅಬ್ಬದ ದಿನ ತಂಗಳು ಗ್ಯಾಸಲ್ಲಿ ದೇವ್ರಿಗೆ ಒಬ್ಬಟ್ಟು ಸುಡಕಾಯ್ತದಾ?"

ಹಬ್ಬದ ದಿನ ನಮ್ಮನೆಯಲ್ಲಿ ಬಿಂದಿಗೆಯ ನೀರನ್ನೂ ಚೆಲ್ಲಿ ಹೊಸದು ತುಂಬುತ್ತೇವೆ. ಅತ್ತೆಯ ಪ್ರಕಾರ ಗ್ಯಾಸೂ ಹಾಗೇ. ಮಧ್ಯಾಹ್ನಕ್ಕೆ ನಾದಿನಿ ಮನೆಯವರು ಹನ್ನೆರಡು ಜನ ಬರುವವರಿದ್ದರು.

ಅಷ್ಟರಲ್ಲಿ ಮಹಡಿ ಮನೆಯ ಶೇಖರಪ್ಪನವರು ಬೇವಿನ ಎಲೆಗೆಂದು ಕೆಳಗಿಳಿದರು. ಗದಗದ ಕಡೆಯವರು, ಕೃಷಿ ಕಾಲೇಜಿನ ನರ್ಸರಿಯಲ್ಲಿ ಕೆಲಸ.

"ಯಾಕ್ರೀ ಅಕ್ಕಾರ, ಹಬ್ಬದ ದಿನ ಮಾರಿ ಸಣ್ಣ ಮಾಡ್ಕೊಂಡ್ ನಿಂತೀರಿ?"

ನಡೆದದ್ದು ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ಅಯ್ಯ ಅಮ್ಮಾರ, ಅದು ಮೀಥೇನ್ ರೀ. ಸುಡಲಾರದ ಬಿಟ್ರ ಮ್ಯಾಲೆ ಹೋಗಿ ಭೂಮಿಗೆ ಕಂಬಳಿ ಹೊಚ್ಚತೈತಿ."

"ಕಂಬಳಿ ಒದ್ಸುದ್ರೆ ಒಳ್ಳೇದೇ ಅಲ್ವೇನಪ್ಪ?" ಎಂದರು ಅತ್ತೆ.

"ಒಂದು ಕಂಬಳಿ ಬೇಕ ಬೇಕ್ರೀ. ಅದಿಲ್ಲಂದ್ರ ಭೂಮಿ ಮಂಜುಗಡ್ಡಿ ಆಗಿ, ನಾವೂ ಇಲ್ಲ, ನಿಮ್ಮ ಆಕಳಾನೂ ಇಲ್ಲ. ಅದಕ್ಕ ಕೈ ಮುಗೀರಿ. ಆದ್ರ ಬ್ಯಾಸಗ್ಯಾಗ ಕಂಬಳಿ ಮ್ಯಾಲ ಕಂಬಳಿ ಹೊಚ್ಚಿದ್ರ ತಡೀತೀರೇನು? ಒಲ್ಯಾಗ ಸುಟ್ರೂ ಹೊಗಿ ಹೋಗತೈತಿ ಖರೆ. ಆದ್ರ ಅದು ತೆಳ್ಳನ ಪಂಜಿ ಹೊಚ್ಚಿದಂಗ."

ಅತ್ತೆ ಆಕಾಶ ನೋಡಿದರು. ನನಗೆ ಆಕಾಶ ನೋಡಲು ಪುರಸೊತ್ತಿರಲಿಲ್ಲ.

ಶೇಖರಪ್ಪನವರು ಪಂಚೆ ಎತ್ತಿ ಕಟ್ಟಿದರು. ನಲ್ಲಿ ಮುಚ್ಚಿ, ಇಬ್ಬರೂ ಡ್ರಮ್ಮಿನ ಹಿಡಿಕೆ ಹಿಡಿದು ಗಾಣದಂತೆ ಸುತ್ತಿಸಿದೆವು. ಸಗಣಿಯ ಮೇಲೆ ಕಟ್ಟಿದ್ದ ಗಟ್ಟಿ ಕೆನೆ ಒಡೆದು ಒಳಗೆ ಗುಳುಗುಳು ಸದ್ದಾಯಿತು. ನಾನು ಸ್ನಾನದ ಹಂಡೆಯ ಬಿಸಿನೀರಲ್ಲಿ ಹೊಸ ಸಗಣಿ ಕಲಸಿ ಗುಂಡಿಗೆ ಬಿಟ್ಟೆ. ಅವರು ಮೇಲಿಂದ ತೆಳುವಾದ ಪ್ಲಾಸ್ಟಿಕ್ ಹಾಳೆ ತಂದು, ಬಿದಿರ ಗಳ ಬಗ್ಗಿಸಿ, ಗುಂಡಿಯ ಮೇಲೆ ಗುಡಾರದಂತೆ ಹೊದಿಸಿ, ಅಂಚಿಗೆ ಇಟ್ಟಿಗೆ ಇಟ್ಟರು.

ಹತ್ತು ಗಂಟೆಯ ಬಿಸಿಲಿಗೆ ಅತ್ತೆ ಅದರೊಳಗೆ ಕೈಯಿಟ್ಟು ತಟ್ಟನೆ ಎಳೆದುಕೊಂಡರು. "ಅಯ್ಯಪ್ಪಾ! ಬಾಣಂತಿ ಕೋಣೆ ಇದ್ದಂಗೈತೆ!"

"ಬಿಸಿಲು ಒಳಗ ಬರತೈತಿ, ಕಾವು ಹೊರಗ ಹೋಗಂಗಿಲ್ಲ. ಆ ಕಾವಿಗೆ ಸಗಣಿ ಲಗೂನ ಗ್ಯಾಸ್ ಬಿಡತೈತಿ. ಹಸಿರುಮನಿ ಅಂತಾರ್ರೀ ಇದಕ್ಕ. ಮ್ಯಾಲಿನ ಕಂಬಳಿ ಕೆಲಸಾನೂ ಹೆಚ್ಚೂಕಮ್ಮಿ ಇದ."

ಹನ್ನೊಂದಕ್ಕೆ ಡ್ರಮ್ಮು ನಾಲ್ಕು ಬೆರಳು ಎದ್ದಿತ್ತು. ಹನ್ನೆರಡಕ್ಕೆ ಒಂದು ಗೇಣು. ಕಡ್ಡಿ ಗೀರಿದೆ, ನೀಲಿ ಉರಿ ಹತ್ತಿತು. ನೆನೆಸಿಟ್ಟ ಬೇಳೆ ಬೇಗ ಬೆಂತು. ಒಂದೇ ಒಲೆಯಲ್ಲಿ ಅನ್ನ, ಸಾರು, ಕೊನೆಗೆ ಒಬ್ಬಟ್ಟಿನ ಕಾವಲಿ. ಎಲೆ ಹಾಕುವಾಗ ಮೂರೂವರೆ ದಾಟಿತ್ತು.

"ಯಾಕೆ ಇಷ್ಟ್ ಲೇಟು? ಗ್ಯಾಸ್ ಕೈ ಕೊಡ್ತಾ?" ಎಂದರು ಯಜಮಾನರು, ಎಲ್ಲರ ಎದುರು.

ಅತ್ತೆಯ ಹೆಸರು ಹೇಳಬಾರದೆಂದು ನಾನು ಏನೋ ಸುಳ್ಳು ಹುಡುಕುತ್ತಿದ್ದೆ. ಅವರೇ ಮುಂದೆ ಬಂದರು. "ಅವ್ಳನ್ನ ಏನೂ ಅನ್ಬ್ಯಾಡ ಕಣೋ. ತಂಗಳು ಅಂತ ನಾನೇ ಬಿಟ್ಟಿದ್ದು. ಇವತ್ತೊಂದಿನ ಅಲ್ಲ, ಶುಕ್ರವಾರ ಶುಕ್ರವಾರ ಅರ್ಧ ಬಿಡ್ತೀನಿ."

ಯಜಮಾನರ ಕೈಯಲ್ಲಿದ್ದ ಒಬ್ಬಟ್ಟು ಅರ್ಧದಲ್ಲೇ ನಿಂತಿತು. "ಶುಕ್ರವಾರನಾ? ಹಿಂದ್ಗಡೆಯೋರು ನಾತ ನಾತ ಅಂತ ಬರೋದೂ ಶುಕ್ರವಾರಾನೇ ಅಲ್ವೇನಮ್ಮ!"

ನನಗೂ ಆಗಲೇ ಹೊಳೆದದ್ದು. ಶುಕ್ರವಾರ ಉರಿ ಯಾಕೆ ಮಂಕು ಎಂದು ಇಷ್ಟು ದಿನ ಮೇವನ್ನು ಬೈದುಕೊಂಡಿದ್ದೆ.

ಯಜಮಾನರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಗುಂಡಿ ಇರ್ಲಿ ಬಿಡು ಕಲಾ. ನಲ್ಲಿಗೆ ಬೀಗ ಹಾಕಿದ್ರೆ ಸಾಕು."

ಬೀಗ ಬೇಕಾಗಲಿಲ್ಲ. ಅತ್ತೆ ತುಪ್ಪ ಸುರಿದ ನಾಲ್ಕು ಒಬ್ಬಟ್ಟನ್ನು ತಾವೇ ಮಹಡಿ ಹತ್ತಿ ಕೊಟ್ಟು ಬಂದರು. "ಹೋಳಿಗಿ ಅನ್ರಿ ಅಮ್ಮಾರ," ಎಂದು ಶೇಖರಪ್ಪನವರು ರೇಗಿಸಿದ್ದು ಕೆಳಗೂ ಕೇಳಿಸಿತು. ಆ ಮನುಷ್ಯ ಬೇವಿನ ಎಲೆಗೆ ಬರದೇ ಹೋಗಿದ್ದರೆ ಇವತ್ತು ನನ್ನ ಕೊಟ್ಟಿಗೆ ಖಾಲಿ. ಅದನ್ನು ನಾನು ಮರೆತಿಲ್ಲ.

ಮುಂದಿನ ಶುಕ್ರವಾರ ಬೆಳಗ್ಗೆ ಅತ್ತೆ ಡ್ರಮ್ಮಿನ ಹತ್ತಿರ ನಿಂತು, ಮೇಲೆ ನೋಡಿ ಕೈ ಮುಗಿಯುತ್ತಿದ್ದರು.

"ನೆನ್ನೇ ಗ್ಯಾಸ್ ಅತ್ತೆ, ತಂಗಳಲ್ವಾ?" ಎಂದು ಕೆಣಕಿದೆ.

"ಸುಮ್ನೆ ಒಲೆ ಅಚ್ಚು ಕಣಮ್ಮಿ. ಮ್ಯಾಲೆ ಇರೋ ಕಂಬ್ಳಿ ಸಾಕು."