ಕಷ್ಟ ಹುಡುಕಿಕೊಂಡು ಹೋದವರು

ತನ್ನ ಮಗಳಿಗೆ ಜೀವನದಲ್ಲಿ ಕಷ್ಟವೇ ಬಂದಿಲ್ಲ ಎಂಬುದು ಕರುಣಾಕರನಿಗೆ ಗೊತ್ತಾದದ್ದು ಅವಳಿಗೆ ಹದಿನೇಳು ತುಂಬಿದ ಮೇಲೆ. ಅದೂ ತಾನಾಗಿ ಗೊತ್ತಾದದ್ದಲ್ಲ, ಡುಲುತ್ ಊರಿನ ಶೇಷಾದ್ರಿ ಹೇಳಿದ ಮೇಲೆ ಗೊತ್ತಾದದ್ದು. ಈ ಶೇಷಾದ್ರಿ ಒಂದು ಕಾಲದಲ್ಲಿ ಯಾವುದೋ ಕಂಪನಿಯ ಡೇಟಾಬೇಸ್ ನೋಡಿಕೊಂಡು ಸುಮ್ಮನಿದ್ದ ಮನುಷ್ಯ. ಕೆಲಸ ಹೋದ ಮೇಲೆ ನಮ್ಮವರ ಮಕ್ಕಳನ್ನು ದೊಡ್ಡ ದೊಡ್ಡ ಕಾಲೇಜುಗಳಿಗೆ ಸೇರಿಸುವ ಕನ್ಸಲ್ಟೆಂಟ್ ಆಗಿ ಕೂತುಬಿಟ್ಟ. ಜೂಮ್‌ನಲ್ಲಿ ಅವನ ಬೆನ್ನ ಹಿಂದೆ ಪುಸ್ತಕದ ಕಪಾಟು ಕಾಣುತ್ತಿತ್ತು. ತಲೆ ಅಲ್ಲಾಡಿಸಿದರೆ ಕಿವಿಯ ಹತ್ತಿರ ಕಪಾಟು ಅರ್ಧ ಕರಗುತ್ತಿತ್ತು.

"ಪ್ರೊಫೈಲ್ ಚೆನ್ನಾಗಿದೆ ಸರ್. ಆದ್ರೆ ಸ್ಟೋರಿ ಇಲ್ಲ," ಎಂದ ಶೇಷಾದ್ರಿ. "ಭರತನಾಟ್ಯ, ರೊಬಾಟಿಕ್ಸ್, ಅಜ್ಜಿ ಕೈಯಡುಗೆ, ಇದನ್ನೆಲ್ಲ ಕಾಲೇಜಿಗೆ ಕಳಿಸೋ ಎಸ್ಸೇನಲ್ಲಿ ಎಲ್ರೂ ಬರೀತಾರೆ. ಸ್ಟ್ರಗಲ್ ಬೇಕು ಸರ್. ನಿಮ್ಮ ಮಗಳು ಏನು ಸಫರ್ ಮಾಡಿದ್ದಾಳೆ ಹೇಳಿ."

ಕರುಣಾಕರ ಗಂಭೀರವಾಗಿ ಯೋಚಿಸಿದ. "ಪೀನಟ್ ಅಲರ್ಜಿ ಉಂಟು," ಎಂದ.

ಆಚೆ ಅಡುಗೆ ಕಟ್ಟೆಯ ಹತ್ತಿರ ಬೀನ್ಸ್ ಹೆಚ್ಚುತ್ತಿದ್ದ ವಾರಿಜಾಕ್ಷಿ ಚಾಕು ಕೆಳಗಿಟ್ಟು ನಕ್ಕಳು. ಮೆಟ್ಟಿಲ ಮೇಲೆ ಕೂತಿದ್ದ ಅಶ್ವಿತಾ ಅಮ್ಮನ ಕಡೆ ನೋಡಿ ಕಣ್ಣು ಮೇಲೆ ಮಾಡಿದಳು. ಕರುಣಾಕರನ ಪೆದ್ದುತನ ನೋಡಿ ತಾಯಿ ಮಗಳು ಹೀಗೆ ಕಣ್ಣಲ್ಲೇ ನಗುವುದು ಆ ಮನೆಯ ಹಳೆಯ ಅಭ್ಯಾಸ. ವಾರಿಜಾಕ್ಷಿಗೆ ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿರಲಿಲ್ಲ. ಷಾರ್ಲೆಟ್‌ನಲ್ಲಿ ಅಷ್ಟು ವರ್ಷ ಇದ್ದರೂ ಅವಳಿಗೆ ಗೆಳತಿ ಅಂತ ಇದ್ದವಳು ಮಗಳೊಬ್ಬಳೇ.

ಆ ಗೆಳತಿ ಆಗಸ್ಟ್‌ಗೆ ಮನೆ ಬಿಡುವವಳು. ಡರ್ಹಮ್‌ನ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕರೆ ಎರಡೂವರೆ ಗಂಟೆಯ ಡ್ರೈವ್. ಶುಕ್ರವಾರ ಬಂಗುಡೆ ಸಾರು ಮಾಡಿಕೊಂಡು ಹೋಗಿ ಬರಬಹುದು. ಇಲ್ಲವಾದರೆ ಎಲ್ಲೋ ಕ್ಯಾಲಿಫೋರ್ನಿಯಾ, ಥ್ಯಾಂಕ್ಸ್‌ಗಿವಿಂಗ್‌ಗೆ ಬಂದು ಹೋಗುವ ನೆಂಟಳು. ಹಾಗಾಗಿ ಶೇಷಾದ್ರಿ ಏನು ಹೇಳಿದರೂ ವಾರಿಜಾಕ್ಷಿ ಒಳಗೊಳಗೇ ಉಗಿದು, ಮೇಲೆ ಹೂಂ ಅಂದಳು.

ಶೇಷಾದ್ರಿ ಹೇಳಿದ್ದಾದರೂ ಏನು? ವರ್ಜೀನಿಯಾದ ಅವನ ಸ್ಟೂಡೆಂಟ್ ಒಬ್ಬ ಚಳಿಗಾಲದಲ್ಲಿ ಪಾಳುಬಿದ್ದ ಸೋವಿಯತ್ ಕಟ್ಟಡ ನೋಡಿಬಂದು ಎಸ್ಸೇ ಬರೆದನಂತೆ, ಸೀಟು ಸಿಕ್ಕಿತಂತೆ. ಸರಿ, ಕರುಣಾಕರ ಕ್ರಿಸ್‌ಮಸ್ ರಜೆಗೆ ಮೂರು ಟಿಕೆಟ್ ಬುಕ್ ಮಾಡಿಯೇಬಿಟ್ಟ. ಇರಲಾರದವನು ಇರುವೆ ಬಿಟ್ಟುಕೊಂಡ ಅಂತಾರಲ್ಲ, ಅದು. ಷಾರ್ಲೆಟ್‌ನ ಬೆಚ್ಚಗಿನ ಮನೆ ಬಿಟ್ಟು, ಒಂದು ಕಾಲಕ್ಕೆ ಸೋವಿಯತ್ ಆಗಿದ್ದ ಜಾರ್ಜಿಯಾ ದೇಶದ ಹಿಮಕ್ಕೆ ಹೊರಟರು, ಮಗಳಿಗೊಂದು ಕಷ್ಟ ಕೊಡಿಸಲು.

ಮೊದಲು ಒಂದು ಕಣಿವೆ. ಪ್ರಪಾತದ ಗೋಡೆಗೆ ಅಂಟಿಸಿದ ಕಬ್ಬಿಣದ ಜಾಲರಿಯ ದಾರಿ, ಅದರ ಮೇಲೆ ಮಂಜು ಗಟ್ಟಿಯಾಗಿತ್ತು. ಕರುಣಾಕರ ಒಂದು ಕೈಯಲ್ಲಿ ಕಂಬಿ ತಬ್ಬಿಕೊಂಡು, ಇನ್ನೊಂದರಲ್ಲಿ ಫೋನ್ ಮುಂದೆ ಹಿಡಿದ. "ಹೆದರಿಕೆ ಆಗ್ತದಾ ಅಶ್ವಿ? ಹೇಗೆ ಆಗ್ತದೆ ಹೇಳು, ರೆಕಾರ್ಡ್ ಮಾಡ್ತೇನೆ."

"ನೋ ಅಪ್ಪ. ನಿಮಗೆ ಆಗ್ತಾ ಇದೆ," ಎಂದಳು ಅಶ್ವಿತಾ.

ಆಮೇಲೆ ಒಂದು ಗುಹೆ. ಅಲ್ಲಿ ನಮ್ಮೂರ ಮದುವೆ ಹಾಲಿನ ಹಾಗೆ ಕೆಂಪು, ಹಸಿರು ದೀಪ ಹಾಕಿದ್ದರು. ಗೈಡ್ ಅರೆಕ್ಷಣ ಲೈಟ್ ಆರಿಸಿದಾಗ ಕತ್ತಲೆಯಲ್ಲಿ ಕರುಣಾಕರನ ದನಿ ಕೇಳಿತು: "ಇದನ್ನು ಡಿಪ್ರೆಶನ್‌ಗೆ ಲಿಂಕ್ ಮಾಡಬಹುದು." ವಾರಿಜಾಕ್ಷಿ ಮಗಳ ಕೈ ಚಿವುಟಿದಳು, ಇಬ್ಬರೂ ನಗು ತಡೆಯಲಾರದೆ ಒದ್ದಾಡಿದರು. ಆ ಪ್ರವಾಸದಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮಾರನೆಯ ದಿನ ಪಾಳುಬಿದ್ದ ಆರೋಗ್ಯಧಾಮ. ಸೋವಿಯತ್ ಕಾಲದ ಕಾರ್ಮಿಕರು ಬಿಸಿನೀರಿನ ಸ್ನಾನಕ್ಕೆ ಬರುತ್ತಿದ್ದ ಜಾಗವಂತೆ. ದಪ್ಪ ಕಂಬಗಳು, ಗಾಜಿಲ್ಲದ ಕಿಟಕಿಗಳು, ಒಳಗೆ ಮೆಟ್ಟಿಲ ಮೇಲೆ ಗಿಡ. ಕರುಣಾಕರ "ವಾವ್" ಅನ್ನುತ್ತಾ ಮೂರನೇ ಮಹಡಿಗೆ ಹೋಗಿ, ಒಂದು ಬಾಗಿಲು ತಳ್ಳಿದ. ಒಳಗೆ ಒಲೆ ಉರಿಯುತ್ತಿತ್ತು. ಹಗ್ಗದ ಮೇಲೆ ಲಂಗ, ಕಾಲುಚೀಲ ಒಣಗುತ್ತಿದ್ದವು. ಏಪ್ರನ್ ಕಟ್ಟಿದ ವಯಸ್ಸಾದ ಹೆಂಗಸೊಬ್ಬಳು ಆಲೂಗಡ್ಡೆ ಸುಲಿಯುತ್ತಾ ತಲೆಯೆತ್ತಿ ನೋಡಿದಳು.

ಕಂಡವರ ಅಡುಗೆಮನೆಗೆ ಕ್ಯಾಮೆರಾ ಹಿಡಿದು ನುಗ್ಗಿದವನು ಮಾನವಿದ್ದರೆ ಏನು ಮಾಡಬೇಕು? ಕ್ಷಮಿಸಿ ಅಂದು ಬಾಗಿಲು ಎಳೆದುಕೊಳ್ಳಬೇಕು. ಕರುಣಾಕರ ಮೊದಲು ಮುಖ ಸಣ್ಣ ಮಾಡಿದ, ವೆಬ್‌ಸೈಟ್‌ನಲ್ಲಿ ಯಾರೂ ಇಲ್ಲ ಅಂತ ಹಾಕಿದ್ದರಲ್ಲ ಎಂದು. ಹಿಂದೆ ಬಂದ ಡ್ರೈವರ್ ಹರಕುಮುರುಕು ಇಂಗ್ಲಿಷಿನಲ್ಲಿ, ಇವರು ಮೂವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಊರು ಬಿಟ್ಟು ಬಂದವರು, ಸರ್ಕಾರ ಇಲ್ಲಿ ಇರಿಸಿತು, ಇವಳು ಇಲ್ಲೇ ಉಳಿದಳು ಅಂದ. ಕರುಣಾಕರನ ಮುಖ ಅರಳಿತು. ಉರಿಯುವ ಮನೆಯಲ್ಲಿ ಗಳ ಹಿರಿಯುವವನ ಮುಖ ಹಾಗೆಯೇ ಅರಳುತ್ತದೆ.

ಹೆಂಗಸು ಮಾತ್ರ ಬಂದವರನ್ನು ಕೂರಿಸಿ ಚಹಾ ಕೊಟ್ಟಳು, ಜೊತೆಗೆ ಚೆರಿ ಹಣ್ಣಿನ ಸಿಹಿ. ಕರುಣಾಕರ ಮಗಳ ಕಿವಿಯಲ್ಲಿ ಶುರುಮಾಡಿದ. "ಕೇಳು ಅಶ್ವಿ. ಚಳಿಗೆ ಏನು ಮಾಡ್ತಾರೆ ಕೇಳು. ಮನೆಯವರು ಯಾರಾದ್ರೂ ಸತ್ತಿದ್ದಾರಾ ಕೇಳು."

"ಅಪ್ಪ, ಸ್ಟಾಪ್."

"ಎಂಥ ಸ್ಟಾಪ್? ಅಷ್ಟು ದೂರದಿಂದ ಬಂದದ್ದು ಯಾಕೆ? ಕೈ ಹಿಡಿದುಕೊ ಅವರದ್ದು. ವಾರಿಜಾ, ಒಂದು ಫೋಟೋ ತೆಗಿ."

ಥೂ, ಇವನ ಜನ್ಮಕ್ಕಿಷ್ಟು, ಎಂದುಕೊಂಡಳು ವಾರಿಜಾಕ್ಷಿ. ಎಂದುಕೊಂಡೇ ಫೋನ್ ತೆಗೆದುಕೊಂಡಳು. ಈ ಹಾಳು ಫೋಟೋ ಒಂದು ತೆಗೆದು ಮುಗಿಸಿದರೆ ಹೊರಡಬಹುದು, ಡರ್ಹಮ್ ಸೀಟೂ ಆಗುತ್ತದೆ. ಮೂಲೆಯಲ್ಲಿ ಕತ್ತಲಿತ್ತು. ಕೈ ಬೀಸಿ ಆ ಹೆಂಗಸನ್ನು ಕಿಟಕಿಯ ಹತ್ತಿರ ಕರೆದಳು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಹೆಂಗಸು ಏಪ್ರನ್ ಬಿಚ್ಚಿಟ್ಟು, ತಲೆಯ ವಸ್ತ್ರ ಸರಿಮಾಡಿಕೊಂಡು ಬಂದು ನಿಂತಳು. ಅಶ್ವಿತಾ ಅಳತೊಡಗಿದ್ದಳು. ಈ ಮಗುವಿಗೆ ಏನು ಕಷ್ಟ ಎಂದು ಹೆಂಗಸು ಡ್ರೈವರನ್ನು ಕೇಳಿದಳು. ವಾರಿಜಾಕ್ಷಿ ಎಂದಿನಂತೆ ಮಗಳ ಕಣ್ಣಿಗೆ ಕಣ್ಣು ಸೇರಿಸಲು ನೋಡಿದಳು, ಮಗಳು ನೆಲ ನೋಡುತ್ತಿದ್ದಳು.

"ಕಣ್ಣೀರು ಬಂತು ನೋಡು!" ಎಂದು ಕಾರಿನಲ್ಲಿ ಕರುಣಾಕರ ಶೇಷಾದ್ರಿಗೆ ವಾಯ್ಸ್ ಮೆಸೇಜ್ ಕಳಿಸಿದ.

ಷಾರ್ಲೆಟ್‌ಗೆ ವಾಪಸಾದ ಮೇಲೆ ಅಶ್ವಿತಾ ಕೋಣೆಯ ಬಾಗಿಲು ಹಾಕಿಕೊಂಡು ಬರೆದಳು. ಅಪ್ಲಿಕೇಶನ್ ಕಳಿಸುವ ಕಡೆಯ ದಿನ ಮಧ್ಯಾಹ್ನ ಕೆಳಗೆ ಬಂದು ಫ್ರಿಜ್ ತೆಗೆದಳು.

"ಸಬ್ಮಿಟ್ ಮಾಡಿದ್ಯಾ?" ಎಂದ ಕರುಣಾಕರ.

"ಮಾಡಿದೆ. ಸಿಯಾಟಲ್, ಸ್ಯಾನ್ ಡಿಯಾಗೋ, ಆಸ್ಟಿನ್, ಎಲ್ಲ ದೂರದ್ದು. ಲಿಸ್ಟ್‌ನಿಂದ ಡರ್ಹಮ್ ತೆಗೆದುಬಿಟ್ಟೆ."

ಕರುಣಾಕರ ಶೇಷಾದ್ರಿಗೆ ಫೋನ್ ಹಚ್ಚಿಕೊಂಡು ಗರಾಜ್ ಕಡೆ ಓಡಿದ. ವಾರಿಜಾಕ್ಷಿ ದನಿ ಸಣ್ಣ ಮಾಡಿ ಮಗಳ ಹತ್ತಿರ ಹೋದಳು.

"ಅಪ್ಪನ ಮೇಲಿನ ಸಿಟ್ಟಿಗೆ ಹೀಗೆ ಮಾಡುದಾ? ಅವರು ಹಾಗೆಯೇ ಅಲ್ವಾ ಪುಟ್ಟ, ನಿನಗೆ ಗೊತ್ತುಂಟಲ್ಲ."

"ಅಪ್ಪನ ಮೇಲೆ ಸಿಟ್ಟು ಇಲ್ಲ." ಅಶ್ವಿತಾ ಮೊಸರಿನ ಡಬ್ಬಿ ತೆರೆದಳು. "ಅಪ್ಪ ಸಿಲ್ಲಿ. ಅದು ನಂಗೆ ಒಳ್ಳೇದು ಅಂತ ಅವರು ರಿಯಲೀ ಥಿಂಕ್ ಮಾಡಿದ್ರು. ನೀನು ಸಿಲ್ಲಿ ಅಲ್ಲ ಅಮ್ಮ. ನಿಂಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಆಂಟಿನ ನಿಲ್ಲಿಸಿ ಫೋಟೋ ತೆಗೆದೆ."

ಬೈಗುಳವಾಗಿದ್ದರೆ ವಾರಿಜಾಕ್ಷಿ ತಿರುಗಿ ಬೈಯುತ್ತಿದ್ದಳು. ಹುಡುಗಿ ಬೈಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಚಮಚ ತೆಗೆದುಕೊಂಡು ಮೇಲೆ ಹೋದಳು. ಇಷ್ಟು ವರ್ಷ ಗಂಡನ ಕಡೆ ತಿರುಗಿಸಿಟ್ಟಿದ್ದ ತಾತ್ಸಾರ ಮಗಳ ಕಣ್ಣಲ್ಲಿ ತನ್ನ ಕಡೆ ತಿರುಗಿದ್ದನ್ನು ವಾರಿಜಾಕ್ಷಿ ನೋಡಿದಳು.

ಗರಾಜ್‌ನಿಂದ ಕರುಣಾಕರ ಏದುಸಿರು ಬಿಡುತ್ತಾ ಬಂದ. "ಇನ್ನೂ ಟೈಮ್ ಉಂಟಂತೆ! ನೀನು ಹೋಗಿ ಹೇಳು ಮಾರಾಯ್ತಿ. ನಾನು ಹೇಳಿದ್ರೆ ಕೇಳುದಿಲ್ಲ, ನೀನು ಹೇಳಿದ್ರೆ ಕೇಳ್ತಾಳೆ. ನೀವಿಬ್ರೂ ಒಂದೇ ಅಲ್ವಾ?"

"ಅಲ್ಲ," ಎಂದಳು ವಾರಿಜಾಕ್ಷಿ.